ಕಾರು ನೋಡಿ ಕೊಳ್ಳೋದಾ, ಚಾರ್ಜರ್ ನೋಡಿ ಕೊಳ್ಳೋದಾ?

ತಿರುಗಾಡಿ

ಎರಡು ತಿಂಗಳಿಂದ ಎಲೆಕ್ಟ್ರಿಕ್ ಕಾರು ಹುಡುಕುತ್ತಿದ್ದೇನೆ. ಸೋಸಿ ಸೋಸಿ ಕೊನೆಗೆ ಎರಡು ಉಳಿದಿವೆ. ಮೊದಲನೆಯದನ್ನು ಓಡಿಸುವುದೇ ಒಂದು ಖುಷಿ. ಸೀಟು ಚೆನ್ನಾಗಿದೆ, ಒಳಗೆ ಸದ್ದೇ ಇಲ್ಲ. ಎರಡನೆಯದು ಅಷ್ಟಕ್ಕಷ್ಟೆ, ಸಣ್ಣ ಗುಂಡಿಗೆ ಇಳಿದರೂ ಬೆನ್ನಿಗೆ ಗೊತ್ತಾಗುತ್ತದೆ. ಆದರೆ ಈ ಎರಡನೇ ಕಂಪನಿ ಹೆದ್ದಾರಿಯುದ್ದಕ್ಕೂ ತನ್ನದೇ ಚಾರ್ಜರ್ ನಿಲ್ಲಿಸಿದೆ. ಮೊದಲನೇ ಕಂಪನಿ "ಸಾರ್ವಜನಿಕ ಚಾರ್ಜರ್ ಇವೆಯಲ್ಲ" ಅಂತ ಕೈ ತೊಳೆದುಕೊಂಡಿದೆ.

ಪೆಟ್ರೋಲ್ ಕಾರು ಕೊಳ್ಳುವಾಗ ಬಂಕ್ ಯಾರದ್ದು ಅಂತ ಯಾರಾದರೂ ಕೇಳಿದ್ದುಂಟಾ? ಇಲ್ಲಿ ಮಾತ್ರ ಯಾಕೆ ಕೇಳಬೇಕು?

ಹೋದ ತಿಂಗಳು ಸ್ನೇಹಿತನ ಕಾರು ತೆಗೆದುಕೊಂಡು ದೂರ ಹೋಗಿದ್ದೆ. ಬ್ಯಾಟರಿ 9% ಇರುವಾಗ ಒಂದು ಚಾರ್ಜಿಂಗ್ ಜಾಗಕ್ಕೆ ಬಂದೆ. ಆ್ಯಪ್‌ನಲ್ಲಿ ನಾಲ್ಕೂ ಹಸಿರು. ಇಳಿದು ನೋಡಿದರೆ ಒಂದರ ಪರದೆ ಕಪ್ಪು. ಇನ್ನೊಂದರ ಗನ್ (ಕೇಬಲ್ ತುದಿಯ ಪ್ಲಗ್) ನೆಲದ ಮೇಲೆ ಬಿದ್ದು ಮೂತಿ ಒಡೆದಿತ್ತು. ಮೂರನೆಯದನ್ನು ಕಾರಿಗೆ ಸಿಕ್ಕಿಸಿದೆ. "ದಯವಿಟ್ಟು ಕಾಯಿರಿ" ಅಂತ ಬಂತು. ಟಕ್ ಅಂತ ಒಂದು ಸದ್ದು. ಆಮೇಲೆ "ಸಂಪರ್ಕ ವಿಫಲ". ಮೂರು ಸಲವೂ ಅದೇ ಹಾಡು. ನಾಲ್ಕನೆಯದರಲ್ಲಿ ಆಗಷ್ಟೇ ಬೇರೆಯವರು ಬಂದು ನಿಂತಿದ್ದರು, ಇನ್ನೂ ಮುಕ್ಕಾಲು ಗಂಟೆ ಅಂದರು.

ಕಾರಿನೊಳಗೆ ಕೂತು ನಾನು ಯಾರನ್ನು ಬೈದೆ ಗೊತ್ತಾ? ಕಾರನ್ನು. "ಈ ಡಬ್ಬಾ ಗಾಡಿ ಯಾಕಾದರೂ ತಂದೆನಪ್ಪಾ" ಅಂತ. ಕಾರು ಮಾಡಿದವರಿಗೂ ಆ ಯಂತ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅವತ್ತಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ. ಕಾರು ಕಂಪನಿಗಳ ನಡುವಿನ ಪೈಪೋಟಿ ನಿಜಕ್ಕೂ ಕಾರಿನಲ್ಲಿ ನಡೀತಿದೆಯಾ, ಪ್ಲಗ್‌ನಲ್ಲಿ ನಡೀತಿದೆಯಾ?

ಲೆಕ್ಕಿಗ

ಒಳ್ಳೆಯ ಪ್ರಶ್ನೆ. ನೀವು ಬೈದಿರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ.

ಟೆಸ್ಲಾ ಇದನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡಿತು. ತನ್ನ ಮಾಡೆಲ್ ಎಸ್ ಕಾರನ್ನು ಗಿರಾಕಿಗಳಿಗೆ ಕೊಡೋಕೆ ಶುರು ಮಾಡಿದ್ದು 2012ರ ಜೂನ್‌ನಲ್ಲಿ. ಮೂರೇ ತಿಂಗಳಲ್ಲಿ, ಸೆಪ್ಟೆಂಬರ್‌ಗೆ, ಕ್ಯಾಲಿಫೋರ್ನಿಯಾದಲ್ಲಿ ಸೂಪರ್‌ಚಾರ್ಜರ್ ಅನ್ನುವ ತಮ್ಮದೇ ವೇಗದ ಚಾರ್ಜಿಂಗ್ ನಿಲ್ದಾಣ ಆರು ತೆರೆದರು. ಆಗ ಗಿರಾಕಿಗಳ ಕೈಯಲ್ಲಿದ್ದ ಮಾಡೆಲ್ ಎಸ್ ಕೆಲವೇ ನೂರು. ಕರೆಂಟ್ ಮಾರುವವನ ಕಣ್ಣಲ್ಲಿ ಇದು ಶುದ್ಧ ಹುಚ್ಚು. ಕಾರು ಮಾರುವವನ ಕಣ್ಣಲ್ಲಿ? ಅದು ಜಾಹೀರಾತಿನ ಖರ್ಚು. ಟಿವಿಯಲ್ಲಿ ಜಾಹೀರಾತು ಹಾಕುವ ಬದಲು ಹೆದ್ದಾರಿಯಲ್ಲಿ ಕಂಬ ನೆಟ್ಟರು. ಮೊದಲ ವರ್ಷಗಳಲ್ಲಿ ಬಹಳಷ್ಟು ಗಿರಾಕಿಗಳಿಗೆ ಚಾರ್ಜಿಂಗ್ ಪೂರ್ತಿ ಉಚಿತ. 2017ರಿಂದ ಹೊಸದಾಗಿ ಆರ್ಡರ್ ಮಾಡಿದವರಿಗೆ ಅದನ್ನು ನಿಲ್ಲಿಸಿದರು.

ಮುಖ್ಯವಾದ ವಿಷಯ ಏನಂದರೆ, ಆ ಗನ್ ಬೇರೆ ಯಾವ ಕಾರಿಗೂ ಹೋಗುತ್ತಿರಲಿಲ್ಲ. ಪಕ್ಕದಲ್ಲೇ ಬೇರೆ ಕಂಪನಿಯ ಕಾರು 3% ಬ್ಯಾಟರಿಯಲ್ಲಿ ನಿಂತಿದ್ದರೂ ಸುಮ್ನೆ ನೋಡುತ್ತಾ ನಿಲ್ಲಬೇಕು. ಆ ನೋಟಕ್ಕಿಂತ ದೊಡ್ಡ ಜಾಹೀರಾತು ಬೇಕಾ?

ಉಳಿದ ಕಂಪನಿಗಳು "ನಾವು ಕಾರು ಮಾಡುವವರು, ಬಂಕ್ ಇಡುವವರಲ್ಲ" ಅಂತ ಕೂತಿದ್ದವು. ನೂರು ವರ್ಷದ ಅಭ್ಯಾಸ. ಚಾರ್ಜರ್ ಇಲ್ಲ ಅಂತ ಜನ ಕಾರು ಕೊಳ್ಳಲ್ಲ, ಕಾರು ಇಲ್ಲ ಅಂತ ಯಾರೂ ಚಾರ್ಜರ್ ಹಾಕಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. ಟೆಸ್ಲಾ ಎರಡೂ ಖರ್ಚು ತಾನೇ ಹೊತ್ತು ಆ ಗಂಟು ಬಿಚ್ಚಿಕೊಂಡಿತು.

ಅನುಮಾನಪ್ಪ

ಸ್ವಲ್ಪ ಜಾಸ್ತಿ ಆಯ್ತು ಇದು. ಮನೆಯಲ್ಲಿ ಪಾರ್ಕಿಂಗ್ ಇರುವವರು ಬಹುಪಾಲು ಚಾರ್ಜ್ ಮಾಡೋದು ಮನೆಯಲ್ಲೇ. ರಾತ್ರಿ ಸಿಕ್ಕಿಸಿ ಮಲಗಿದರೆ ಬೆಳಿಗ್ಗೆಗೆ ತುಂಬಿರುತ್ತದೆ. ವರ್ಷಕ್ಕೆ ನಾಲ್ಕೈದು ಸಲ ಹೆದ್ದಾರಿ ಚಾರ್ಜರ್ ಬೇಕಾಗಬಹುದು. ಆ ನಾಲ್ಕೈದು ಸಲಕ್ಕೋಸ್ಕರ ದಿನಾ ಕೂರುವ ಸೀಟು ಬಿಟ್ಟುಕೊಡಬೇಕಾ?

ಮಿಂಚುಹುಳ

ಅನುಮಾನಪ್ಪ ಸರ್, ಲೆಕ್ಕ ಸರಿ. ಆದರೆ ಮನುಷ್ಯರು ಕಾರು ಕೊಳ್ಳುವುದು ಆ ಲೆಕ್ಕದಲ್ಲಿ ಅಲ್ಲ. ವರ್ಷದ 360 ದಿನ ಮನೆಯಲ್ಲೇ ಚಾರ್ಜ್ ಮಾಡುವವಳು ನಾನು. ಕಾರು ಕೊಳ್ಳುವಾಗ ತಲೆಯಲ್ಲಿ ಇದ್ದದ್ದು ಉಳಿದ ಐದೇ ದಿನ. ರಾತ್ರಿ ಹನ್ನೊಂದಕ್ಕೆ, ಹಿಂದಿನ ಸೀಟಲ್ಲಿ ಮಗು ಮಲಗಿರುವಾಗ, ಕತ್ತಲಲ್ಲಿ ನಿಂತು ಆ್ಯಪ್ ಡೌನ್‌ಲೋಡ್ ಮಾಡುವ ಚಿತ್ರವೇ ಕಣ್ಣ ಮುಂದೆ ಬರುತ್ತಿತ್ತು. ಹೆದರಿಕೆಗೆ ಸರಾಸರಿ ಅನ್ನೋದು ಗೊತ್ತಿಲ್ಲ.

ಇನ್ನು ಅಪಾರ್ಟ್‌ಮೆಂಟ್‌ನಲ್ಲಿ ಇರುವವರು, ರಸ್ತೆ ಬದಿ ನಿಲ್ಲಿಸುವವರು. ಅವರಿಗೆ ಮನೆ ಚಾರ್ಜಿಂಗ್ ಇಲ್ಲವೇ ಇಲ್ಲ.

ಅಮೆರಿಕದ 2011ರಿಂದ 2013ರ ಮಾರಾಟದ ಅಂಕಿಗಳನ್ನು ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2017ರಲ್ಲಿ ಬಂತು. ಕಾರು ಕೊಂಡವರಿಗೆ ಕೊಟ್ಟ ತೆರಿಗೆ ರಿಯಾಯಿತಿಯ ಅಷ್ಟೇ ಹಣವನ್ನು ಚಾರ್ಜರ್ ಹಾಕೋಕೆ ಬಳಸಿದ್ದರೆ, ಕಾರು ಮಾರಾಟದ ಮೇಲೆ ಎರಡು ಪಟ್ಟಿಗಿಂತ ಜಾಸ್ತಿ ಪರಿಣಾಮ ಆಗುತ್ತಿತ್ತು ಅನ್ನೋದು ಅದರ ಲೆಕ್ಕ. ಶುರುವಿನ ಕಾಲದಲ್ಲಿ ಕಂಬವೇ ಕಾರು ಮಾರುತ್ತದೆ ಅಂತಾಯಿತು.

ಹಳೇ ಫ್ಯೂಸ್

ತಿರುಗಾಡಿಯವರೇ, ಆ "ಟಕ್" ಬಗ್ಗೆ ಒಂದು ಮಾತು. ನಾನು ಆರು ವರ್ಷ ಚಾರ್ಜರ್ ರಿಪೇರಿ ಮಾಡಿದವನು.

ಅದು ಬಹುಶಃ ನಿಮ್ಮ ಕಾರು ಗನ್ನನ್ನು ಕಚ್ಚಿ ಹಿಡಿದ ಸದ್ದು. ಒಳಗೊಂದು ಸಣ್ಣ ಪಿನ್ ಇರುತ್ತದೆ. ಕರೆಂಟ್ ಹರಿಯುವಾಗ ಯಾರೂ ಎಳೆಯಬಾರದು ಅಂತ ಲಾಕ್ ಆಗುತ್ತದೆ. ಅಸಲಿ ಕೆಲಸ ಶುರುವಾಗೋದು ಅದರ ನಂತರ. ಗನ್‌ನ ಒಂದು ಸಣ್ಣ ತಂತಿಯ ಮೇಲೆ ಕಾರು, ಯಂತ್ರ ಎರಡೂ ಮಾತಾಡಬೇಕು. "ನನಗೆ ಇಷ್ಟು ವೋಲ್ಟ್, ಇಷ್ಟು ಆಂಪ್ಸ್ ಬೇಕು" ಅಂತ ಕಾರು ಹೇಳಬೇಕು. "ನನ್ನ ಹತ್ತಿರ ಇಷ್ಟಿದೆ" ಅಂತ ಯಂತ್ರ ಹೇಳಬೇಕು. ಎಲ್ಲೂ ಕರೆಂಟ್ ಸೋರುತ್ತಿಲ್ಲ ಅಂತ ಯಂತ್ರ ಪರೀಕ್ಷೆ ಮಾಡಬೇಕು. ಆಮೇಲೆ ತನ್ನ ವೋಲ್ಟೇಜನ್ನು ಬ್ಯಾಟರಿಯ ವೋಲ್ಟೇಜಿಗೆ ಸರಿಸಮ ತರಬೇಕು. ಅದಾದ ಮೇಲೆ ಕಾರಿನೊಳಗಿನ ದೊಡ್ಡ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ಮುಚ್ಚಿ ಇನ್ನೊಂದು ಭಾರವಾದ "ಟಕ್" ಬರುತ್ತದೆ. ನಿಮಗೆ ಎರಡನೇ ಟಕ್ ಕೇಳಿಸಲಿಲ್ಲ, ಅಲ್ವಾ? ಅಂದರೆ ಮಾತುಕತೆಯಲ್ಲೇ ಮುರಿದುಬಿತ್ತು.

ಯಾಕೆ ಮುರೀತು? ಕಾರು ಒಬ್ಬರದು, ಯಂತ್ರ ಇನ್ನೊಬ್ಬರದು, ಸಾಫ್ಟ್‌ವೇರ್ ಮೂರನೆಯವರದು, ಹಣ ಕಟ್ಟಿಸಿಕೊಳ್ಳುವ ಪೆಟ್ಟಿಗೆ ನಾಲ್ಕನೆಯವರದು, ಜಾಗ ಐದನೆಯವರದು. ಎಲ್ಲರೂ ಒಂದೇ ಸ್ಟ್ಯಾಂಡರ್ಡ್ ಓದಿರುತ್ತಾರೆ, ಆದರೆ ಒಬ್ಬೊಬ್ಬರು ಒಂದೊಂದು ಥರ ಅರ್ಥ ಮಾಡಿಕೊಂಡಿರುತ್ತಾರೆ. ಕಾರಿಗೆ ಹೊಸ ಸಾಫ್ಟ್‌ವೇರ್ ಬಂದ ಮಾರನೇ ದಿನ, ನಿನ್ನೆವರೆಗೆ ನಡೆಯುತ್ತಿದ್ದ ಯಂತ್ರ ಅದೇ ಕಾರಿಗೆ ಕೈ ಎತ್ತಿದ್ದನ್ನು ನಾನೇ ನೋಡಿದ್ದೇನೆ. ಎತ್ತು ಏರಿಗೆ, ಕೋಣ ನೀರಿಗೆ. ಟೆಸ್ಲಾದಲ್ಲಿ ಎತ್ತೂ ಅವರದೇ, ಕೋಣವೂ ಅವರದೇ. ಅವರ ಪ್ಲಗ್‌ಗಿಂತ ಇದು ದೊಡ್ಡ ಅನುಕೂಲ ಅಂತ ನನ್ನ ಅಭಿಪ್ರಾಯ.

2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ 657 ಸಾರ್ವಜನಿಕ ಸಿಸಿಎಸ್ (ಅಲ್ಲಿ ಟೆಸ್ಲಾ ಬಿಟ್ಟು ಉಳಿದ ಬಹುತೇಕ ಕಂಪನಿಗಳ ವೇಗದ ಚಾರ್ಜಿಂಗ್ ಪ್ಲಗ್) ಗನ್‌ಗಳನ್ನು ಒಂದೊಂದಾಗಿ ಹೋಗಿ ಪರೀಕ್ಷಿಸಿದರು. ಇದರಲ್ಲಿ ಟೆಸ್ಲಾ ಸೇರಿಲ್ಲ. ಕೆಲಸ ಮಾಡಿದ್ದು 72.5% ಮಾತ್ರ. ಸುಮಾರು 5% ಕಡೆ ಯಂತ್ರಕ್ಕೆ ಏನೂ ಆಗಿರಲಿಲ್ಲ, ಕೇಬಲ್ಲೇ ಕಾರಿನವರೆಗೆ ತಲುಪುತ್ತಿರಲಿಲ್ಲ! ಎಲೆಕ್ಟ್ರಿಕ್ ಕಾರುಗಳ ತವರಿನಂತಿರುವ ಜಾಗದ ಕಥೆ ಇದು.

ಲೆಕ್ಕಿಗ

ಇದಕ್ಕೆ ದುಡ್ಡಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಯಾಕೆ ಆ ಯಂತ್ರಗಳನ್ನು ಯಾರೂ ಸರಿ ಮಾಡಲ್ಲ?

ವೇಗದ ಚಾರ್ಜರ್‌ನ ಖರ್ಚಲ್ಲಿ ಯಂತ್ರ ಒಂದು ಭಾಗ ಅಷ್ಟೆ. ಟ್ರಾನ್ಸ್‌ಫಾರ್ಮರ್, ನೆಲ ಅಗೆದು ಎಳೆಯುವ ಕೇಬಲ್, ವಿದ್ಯುತ್ ಕಂಪನಿಯ ಅನುಮತಿ ಇವೆಲ್ಲ ಸೇರಬೇಕು. ಅದರ ಮೇಲೆ ಹಲವು ಕಡೆ ತಿಂಗಳಲ್ಲಿ ಒಮ್ಮೆ ಮುಟ್ಟಿದ ಗರಿಷ್ಠ ಲೋಡ್‌ಗೆ ಪ್ರತ್ಯೇಕ ಶುಲ್ಕ. ದಿನಕ್ಕೆ ಎರಡೇ ಕಾರು ಬಂದರೂ, ಎರಡೂ ಒಟ್ಟಿಗೆ ಬಂದು 150 ಕಿಲೋವಾಟ್ ಎಳೆದರೆ ಆ ಶುಲ್ಕ ತಪ್ಪಲ್ಲ. ಕರೆಂಟ್ ಮಾರಿಯೇ ಬದುಕಬೇಕಾದ ಕಂಪನಿಗೆ ಖಾಲಿ ನಿಂತ ಯಂತ್ರ ಅಂದರೆ ದಿನಾ ರಕ್ತ ಸೋರಿದ ಹಾಗೆ. ರಿಪೇರಿಗೆ ಆಳು ಕಳಿಸೋದೂ ಭಾರವೇ.

ಕಾರು ಕಂಪನಿಗೆ ಹಾಗಲ್ಲ. ಚಾರ್ಜರ್‌ನಲ್ಲಿ ಕಳೆದುಕೊಂಡದ್ದು ಕಾರಿನಲ್ಲಿ ಬರುತ್ತದೆ. ಹಾಗಾಗಿ ಒಂದೇ ಹೆದ್ದಾರಿಯಲ್ಲಿ ಇಬ್ಬರು ಚಾರ್ಜರ್ ಹಾಕಿದ್ದರೂ ಅವರು ಆಡುತ್ತಿರುವ ಆಟವೇ ಬೇರೆ.

ಫೋಕ್ಸ್‌ವ್ಯಾಗನ್ ಕಥೆ ಇನ್ನೂ ಮಜಾ. ಡೀಸೆಲ್ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದರು. ಅಮೆರಿಕದ ಸರ್ಕಾರದ ಜೊತೆ ಆದ ಒಪ್ಪಂದದ ಭಾಗವಾಗಿ ಹತ್ತು ವರ್ಷದಲ್ಲಿ 200 ಕೋಟಿ ಡಾಲರ್ ಹಾಕಬೇಕಾಯಿತು. ಅದರಿಂದ ಹುಟ್ಟಿದ್ದು ಎಲೆಕ್ಟ್ರಿಫೈ ಅಮೆರಿಕ ಅನ್ನುವ ಚಾರ್ಜಿಂಗ್ ಜಾಲ. ಅದನ್ನು ತಮ್ಮ ಕಾರಿಗೆ ಮಾತ್ರ ಇಟ್ಟುಕೊಳ್ಳುವ ಹಾಗಿರಲಿಲ್ಲ, ಎಲ್ಲರಿಗೂ ತೆರೆದಿರಬೇಕು. ದಂಡದ ದುಡ್ಡಲ್ಲಿ ಪ್ರತಿಸ್ಪರ್ಧಿಗಳ ಕಾರಿಗೂ ಕರೆಂಟ್! ಪಾಪ ಅನ್ನೋಣ ಅಂದರೆ ಮನಸ್ಸು ಬರಲ್ಲ.

ಲೀಫ್ ಬಳಗ

ಎಲ್ಲರೂ ಟೆಸ್ಲಾ ಟೆಸ್ಲಾ ಅಂತಿದ್ದೀರಿ. ಅದಕ್ಕಿಂತ ಮೊದಲು ಬಂದವರನ್ನು ಮರೆತುಬಿಟ್ಟಿರಾ?

ನಿಸ್ಸಾನ್‌ನ ಎಲೆಕ್ಟ್ರಿಕ್ ಕಾರು ಲೀಫ್ ಮಾರುಕಟ್ಟೆಗೆ ಬಂದದ್ದು 2010ರ ಡಿಸೆಂಬರ್‌ನಲ್ಲಿ. ಅದರ ವೇಗದ ಚಾರ್ಜಿಂಗ್ ಪ್ಲಗ್ ಚಾಡೆಮೊ. (ಜಪಾನಿ ಭಾಷೆಯಲ್ಲಿ "ಟೀ ಕುಡಿಯೋಣವಾ" ಅನ್ನುವ ಮಾತಿನ ಮೇಲೆ ಆಡಿದ ಪದದಾಟವೂ ಆ ಹೆಸರಲ್ಲಿದೆ. ಚಾರ್ಜ್ ಆಗುವಷ್ಟರಲ್ಲಿ ಟೀ ಮುಗಿಯುತ್ತದೆ ಅಂತ.) ಬಾಗಿಲು ಹಾಕಿಟ್ಟ ಪ್ಲಗ್ ಅಲ್ಲ ಅದು, ಯಾರು ಬೇಕಾದರೂ ಬಳಸಬಹುದಿತ್ತು. ಮೊದಲು ಬಂದರು, ಎಲ್ಲರಿಗೂ ತೆರೆದಿಟ್ಟರು. ಆದರೂ ಸೋತರು.

ನಾನು ಎಂಟು ವರ್ಷ ಲೀಫ್ ಓಡಿಸಿದ್ದೇನೆ. ನನಗೆ ಕಾಣುವ ಕಾರಣ ಜಾಗದ್ದು. ಎಷ್ಟೋ ಚಾರ್ಜರ್‌ಗಳು ಡೀಲರ್ ಅಂಗಳದಲ್ಲಿ ಇರುತ್ತಿದ್ದವು. ರಾತ್ರಿ ಗೇಟ್ ಹಾಕಿದರೆ ಮುಗೀತು. ಗೇಟ್ ತೆರೆದಿದ್ದರೂ ಸರ್ವೀಸಿಗೆ ಬಂದ ಪೆಟ್ರೋಲ್ ಕಾರು ಅಡ್ಡ ನಿಂತಿರುತ್ತಿತ್ತು. ಹೆಚ್ಚಾಗಿ ಒಂದೇ ಯಂತ್ರ, ಅದು ಕೆಟ್ಟರೆ ಅವತ್ತಿನ ಪ್ರಯಾಣ ಅಲ್ಲಿಗೇ ನಿಂತಿತು. ಟೆಸ್ಲಾದವರು ಒಂದೇ ಕಡೆ ಎಂಟು ಹತ್ತು ಹಾಕುತ್ತಿದ್ದರು. ಒಂದು ಕೆಟ್ಟರೆ ಪಕ್ಕದ್ದಕ್ಕೆ ಹೋಗಿ, ಅಷ್ಟೆ.

ಆಮೇಲೆ ಅಮೆರಿಕ, ಯುರೋಪಿನ ಕಂಪನಿಗಳೆಲ್ಲ ಸೇರಿ ಸಿಸಿಎಸ್ ಹಿಡಿದರು. ಕೊನೆಗೆ ನಿಸ್ಸಾನ್ ಕೂಡ ಆರಿಯಾ ಕಾರನ್ನು ಅಲ್ಲಿಗೆ ಸಿಸಿಎಸ್ ಹಾಕಿಯೇ ಕಳಿಸಿತು. ಹೆತ್ತವರೇ ಕೈಬಿಟ್ಟ ಮಗು ನಮ್ಮ ಚಾಡೆಮೊ. ಹೊಸ ನಿಲ್ದಾಣಗಳಲ್ಲಿ ನಮ್ಮ ಗನ್ ಕಾಣುವುದೇ ಅಪರೂಪ. ನನ್ನ ಕಾರು ಇನ್ನೂ ಗಟ್ಟಿಮುಟ್ಟಾಗಿದೆ. ಅದನ್ನು ಮುದಿಯಾಗಿಸಿದ್ದು ಬ್ಯಾಟರಿ ಅಲ್ಲ, ಪ್ಲಗ್.

ಅನುಮಾನಪ್ಪ

ಕೊನೇ ಸಾಲು ಹೊಟ್ಟೆಗೆ ತಾಗಿತು ಗುರುಗಳೇ. ಹಳೇ ಕಾರು ಮಾರುವಾಗಿನ ಬೆಲೆಯೂ ಪ್ಲಗ್ ಮೇಲೆ ನಿಂತಿದೆ ಅಂತಾಯಿತು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮಿಂಚುಹುಳ

ಯುರೋಪಿನಲ್ಲಿ ಈ ಜಗಳ ಬೇಗ ಮುಗಿಯಿತು, ಯಾಕಂದರೆ ಸರ್ಕಾರ ನಡುವೆ ಬಂತು. 2014ರ ಒಂದು ನಿರ್ದೇಶನದಲ್ಲಿ, ಸಾರ್ವಜನಿಕ ವೇಗದ ಚಾರ್ಜರ್‌ಗಳಲ್ಲಿ ಸಿಸಿಎಸ್2 (ಸಿಸಿಎಸ್‌ನ ಯುರೋಪಿನ ರೂಪ) ಗನ್ ಇರಲೇಬೇಕು ಅಂತ ಮಾಡಿದರು. ಟೆಸ್ಲಾ ಕೂಡ ಬಗ್ಗಿತು. 2019ರಲ್ಲಿ ಅಲ್ಲಿಗೆ ಬಂದ ಮಾಡೆಲ್ 3ಕ್ಕೆ ಸಿಸಿಎಸ್2 ಕಿಂಡಿ ಇತ್ತು. ಅಲ್ಲಿನ ಸೂಪರ್‌ಚಾರ್ಜರ್ ಕಂಬಗಳಿಗೆ ಎರಡನೇ ಕೇಬಲ್ ನೇತುಹಾಕಿದರು.

ಪ್ಲಗ್ ಒಂದೇ ಆದಮೇಲೆ ಏನಾಯಿತು? ಬೀಗ ಸಾಫ್ಟ್‌ವೇರಿಗೆ ಹೋಯಿತು. ಬೇರೆ ಕಾರಿನ ಕಿಂಡಿಗೆ ಗನ್ ಕೂರುತ್ತದೆ, ಆದರೆ ಕರೆಂಟ್ ಬರಲ್ಲ! 2021ರ ನವೆಂಬರ್‌ನಲ್ಲಿ ನೆದರ್‌ಲೆಂಡ್ಸ್‌ನ ಹತ್ತು ನಿಲ್ದಾಣಗಳಲ್ಲಿ ಪ್ರಯೋಗ ಅಂತ ಬೇರೆಯವರಿಗೆ ತೆರೆದರು. ಆಮೇಲೆ ಒಂದೊಂದೇ ದೇಶ. ಅಲ್ಲೂ ಹೊರಗಿನವರಿಗೆ ದರ ಜಾಸ್ತಿ, ತಿಂಗಳ ಚಂದಾ ಕಟ್ಟಿದರೆ ಕಡಿಮೆ. ಗೋಡೆ ಕೆಡವಿ ಟಿಕೆಟ್ ಕೌಂಟರ್ ಇಟ್ಟ ಹಾಗೆ.

2017ರಲ್ಲಿ ಬಿಎಂಡಬ್ಲ್ಯು, ಡೈಮ್ಲರ್, ಫೋರ್ಡ್, ಫೋಕ್ಸ್‌ವ್ಯಾಗನ್ ಗುಂಪು ಒಟ್ಟಾಗಿ ಐಯೋನಿಟಿ ಅನ್ನುವ ಚಾರ್ಜಿಂಗ್ ಜಾಲ ಶುರು ಮಾಡಿದ್ದೂ ಟೆಸ್ಲಾ ಜಾಲದ ಹೆದರಿಕೆಯಿಂದಲೇ ಅಂತ ನನಗನ್ನಿಸುತ್ತದೆ. ಶೋರೂಮಿನಲ್ಲಿ ಹಾವು ಮುಂಗುಸಿ, ಹೆದ್ದಾರಿಯಲ್ಲಿ ಮಾತ್ರ ಪಾಲುದಾರರು.

ಈಗ ಯುರೋಪಿನಲ್ಲಿ ಇನ್ನೊಂದು ಕಾನೂನಿದೆ. ಮುಖ್ಯ ಹೆದ್ದಾರಿಗಳಲ್ಲಿ 60 ಕಿಲೋಮೀಟರಿಗೊಂದು ವೇಗದ ಚಾರ್ಜಿಂಗ್ ಜಾಗ ಇರಬೇಕು. 2024ರ ಏಪ್ರಿಲ್ 13ರ ನಂತರ ಹಾಕುವ ವೇಗದ ಚಾರ್ಜರ್‌ಗಳಲ್ಲಿ ಯಾವ ಆ್ಯಪ್, ಸದಸ್ಯತ್ವ ಇಲ್ಲದೆ ಕಾರ್ಡ್‌ನಿಂದಲೇ ಹಣ ಕಟ್ಟುವಂತಿರಬೇಕು. ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ನಿಮ್ಮ ಫೋನಲ್ಲಿ ಯಾರ ಆ್ಯಪ್ ಇದೆ ಅನ್ನೋದರಲ್ಲೇ ಅರ್ಧ ಪೈಪೋಟಿ ಇರುವುದು.

ಪ್ಲಗ್ ಪುರಾಣ

ಅಮೆರಿಕದಲ್ಲಿ ಉಲ್ಟಾ ಆಯಿತು. ಅಲ್ಲಿ ಕಂಪನಿಗಳೇ ಒಂದೊಂದಾಗಿ ಬಂದು ಟೆಸ್ಲಾ ಬಾಗಿಲು ತಟ್ಟಿದವು.

2022ರ ನವೆಂಬರ್‌ನಲ್ಲಿ ಟೆಸ್ಲಾ ತನ್ನ ಪ್ಲಗ್ ವಿನ್ಯಾಸ ಬಿಡುಗಡೆ ಮಾಡಿ, ಅದಕ್ಕೆ "ಉತ್ತರ ಅಮೆರಿಕದ ಚಾರ್ಜಿಂಗ್ ಸ್ಟ್ಯಾಂಡರ್ಡ್" ಅಂತ ತಾನೇ ಹೆಸರಿಟ್ಟಿತು. ಚಿಕ್ಕದಾಗಿ ಎನ್‌ಎಸಿಎಸ್. ಬೇರೆ ಯಾರೂ ಒಪ್ಪದಿರುವಾಗಲೇ ತನ್ನ ಪ್ಲಗ್‌ಗೆ ಖಂಡದ ಹೆಸರಿಡೋದು ಅಂದರೆ ಧೈರ್ಯವೇ. ಜನ ನಕ್ಕರು. ಆರು ತಿಂಗಳಲ್ಲಿ, 2023ರ ಮೇನಲ್ಲಿ, ಫೋರ್ಡ್ ಒಪ್ಪಿತು. ಎರಡು ವಾರಕ್ಕೆ ಜಿಎಂ. ಅಲ್ಲಿಂದ ಸಾಲು ಬಿದ್ದವು. ರಿವಿಯನ್, ವೋಲ್ವೋ, ಮರ್ಸಿಡಿಸ್, ನಿಸ್ಸಾನ್, ಹೋಂಡಾ, ಹ್ಯುಂಡೈ, ಕಿಯಾ, ಬಿಎಂಡಬ್ಲ್ಯು, ಟೊಯೊಟಾ, ಫೋಕ್ಸ್‌ವ್ಯಾಗನ್. 2024ರ ಫೆಬ್ರವರಿಯಲ್ಲಿ ಸ್ಟೆಲಾಂಟಿಸ್.

ಫೋರ್ಡ್ ಒಪ್ಪಿದ ದಿನವೇ ಆಟ ಮುಗಿದಿತ್ತು ಅಂತ ನನ್ನ ಭಾವನೆ. ಒಬ್ಬರು ಹೋದಮೇಲೆ ಉಳಿದವರು ಹೋಗದೆ ಇರುವ ಹಾಗಿಲ್ಲ. "ಫೋರ್ಡ್ ಕಾರು ಅಲ್ಲಿ ಚಾರ್ಜ್ ಆಗುತ್ತದಂತೆ, ನಿಮ್ಮದು?" ಅಂತ ಗಿರಾಕಿ ಶೋರೂಮಿನಲ್ಲಿ ಕೇಳುತ್ತಾನೆ. ಉತ್ತರ ಇಲ್ಲದ ಸೇಲ್ಸ್‌ಮ್ಯಾನ್ ಏನು ಮಾಡಬೇಕು?

ಅನುಮಾನಪ್ಪ

ಹಾಗಾದರೆ ಟೆಸ್ಲಾಗೆ ಏನು ಬಂತು? ಕಾರು ಮಾರುತ್ತಿದ್ದದ್ದೇ ಆ ಗೋಡೆಯಿಂದ ಅಂದಿರಿ. ಗೋಡೆ ತಾವೇ ಕೆಡವಿದರೆ?

ಲೆಕ್ಕಿಗ

ಮೂರು ಬಂತು ಅಂತ ನಾನು ನೋಡುತ್ತೇನೆ. ಒಂದು, ಖಾಲಿ ನಿಲ್ಲುವ ಕಂಬಗಳಿಗೆ ಹೊಸ ಗಿರಾಕಿ. 2023ರ ಸೆಪ್ಟೆಂಬರ್ ಹೊತ್ತಿಗೆ ಪ್ರಪಂಚದಲ್ಲಿ ಅವರ 50,000 ಗನ್ ಆಗಿದ್ದವು. ಅಷ್ಟೊಂದನ್ನು ಸ್ವಂತ ಕಾರುಗಳಿಂದ ಮಾತ್ರ ತುಂಬಿಸೋದು ಎಲ್ಲ ಕಡೆ ಆಗಲ್ಲ. ಎರಡು, ಸರ್ಕಾರದ ದುಡ್ಡು. ಅಮೆರಿಕದ 2021ರ ಕಾನೂನಿನಲ್ಲಿ ಹೆದ್ದಾರಿ ಚಾರ್ಜರ್‌ಗೆ ಅಂತ 500 ಕೋಟಿ ಡಾಲರ್ ಇಟ್ಟಿದ್ದರು. ಒಂದೇ ಕಂಪನಿಯ ಕಾರಿಗೆ ಮೀಸಲಾದ ಚಾರ್ಜರ್‌ಗೆ ಅದು ಸಿಗಲ್ಲ. ಯಂತ್ರ 97% ಹೊತ್ತು ನಡೆಯುತ್ತಿರಬೇಕು ಅನ್ನುವ ಷರತ್ತೂ ಇತ್ತು. ಮೂರನೆಯದು ನನ್ನ ಊಹೆ. ಪ್ರತಿಸ್ಪರ್ಧಿಯ ಗಿರಾಕಿ ದೂರ ಹೋಗಬೇಕಾದಾಗಲೆಲ್ಲ ಟೆಸ್ಲಾ ಆ್ಯಪ್ ತೆರೆಯುತ್ತಾನೆ, ಟೆಸ್ಲಾ ಕಾರುಗಳ ನಡುವೆ ಇಪ್ಪತ್ತು ನಿಮಿಷ ಕೂರುತ್ತಾನೆ. ಮುಂದಿನ ಕಾರು ಯಾವುದು ಅನ್ನುವ ಯೋಚನೆ ಅಲ್ಲೇ ಶುರುವಾಗಬಹುದು.

ಹಳೇ ಫ್ಯೂಸ್

ಕಂಡವರ ಹಂಗಿನಲ್ಲಿ ಬದುಕಿದರೆ ಏನಾಗುತ್ತದೆ ಅನ್ನೋದೂ ಗೊತ್ತಾಯಿತಲ್ಲ. 2024ರ ಏಪ್ರಿಲ್ ಕೊನೆಗೆ ಟೆಸ್ಲಾ ಒಂದೇ ಏಟಿಗೆ ಸೂಪರ್‌ಚಾರ್ಜರ್ ತಂಡದ ಸುಮಾರು 500 ಜನರನ್ನು ಮನೆಗೆ ಕಳಿಸಿತು. ಆಮೇಲೆ ಕೆಲವರನ್ನು ವಾಪಸ್ ಕರೆಸಿಕೊಂಡರು, ಅದು ಬೇರೆ ಮಾತು. ಫೋರ್ಡ್ ಗಿರಾಕಿಗಳಿಗೆ ಬಾಗಿಲು ತೆರೆದು ಆಗಿನ್ನೂ ಎರಡು ತಿಂಗಳು. ಇನ್ನೊಬ್ಬರ ಬಾವಿಯಿಂದ ನೀರು ಸೇದೋಕೆ ಹಗ್ಗ ಹಿಡಿದು ನಿಂತಾಗ, ಬಾವಿಯ ಯಜಮಾನನಿಗೆ ಸಿಟ್ಟು ಬಂದರೆ ಹೇಗೆ?

ಬಿಎಂಡಬ್ಲ್ಯು, ಜಿಎಂ, ಹೋಂಡಾ, ಹ್ಯುಂಡೈ, ಕಿಯಾ, ಮರ್ಸಿಡಿಸ್, ಸ್ಟೆಲಾಂಟಿಸ್ ಸೇರಿ 2023ರಲ್ಲೇ ಅಯೋನಾ ಅಂತ ಬೇರೆ ಜಾಲ ಘೋಷಿಸಿದ್ದರು. 2030ಕ್ಕೆ 30,000 ಚಾರ್ಜರ್ ಗುರಿ. ಟೆಸ್ಲಾ ಪ್ಲಗ್‌ಗೆ ಒಪ್ಪಿಕೊಳ್ಳುತ್ತಲೇ ಸ್ವಂತ ಬಾವಿ ತೋಡೋಕೂ ಹೊರಟರು. ಬುದ್ಧಿವಂತರು.

ಮತ್ತೆ, ಪ್ಲಗ್ ಒಂದೇ ಆದ ಮಾತ್ರಕ್ಕೆ ಎಲ್ಲರೂ ಸಮ ಅಂದುಕೊಳ್ಳಬೇಡಿ. ಹ್ಯುಂಡೈ ಅಯಾನಿಕ್ 5 ತೆಗೆದುಕೊಳ್ಳಿ. ಅದರ ಬ್ಯಾಟರಿ 800 ವೋಲ್ಟ್ ವರ್ಗದ್ದು. ಒಳ್ಳೆಯ 350 ಕಿಲೋವಾಟ್ ಸಿಸಿಎಸ್ ಯಂತ್ರದಲ್ಲಿ 10ರಿಂದ 80%ಗೆ ಸುಮಾರು 20 ನಿಮಿಷ. ಅಮೆರಿಕದಲ್ಲಿ 2025ರ ಮಾದರಿಗೆ ಟೆಸ್ಲಾ ಪ್ಲಗ್ಗನ್ನೇ ಕೊಟ್ಟರು. ಆದರೆ ಟೆಸ್ಲಾದ ಮೂರನೇ ಪೀಳಿಗೆಯ ಕಂಬಗಳನ್ನು ಕಟ್ಟಿದ್ದೇ 400 ವೋಲ್ಟ್ ವರ್ಗದ ಕಾರುಗಳಿಗೆ. ಅಲ್ಲಿ ಅದೇ ಕಾರಿಗೆ ಸುಮಾರು 30 ನಿಮಿಷ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಕಾರಿಗೆ ತಾಕತ್ತಿದ್ದರೂ ಕಂಬ ಕೊಡಬೇಕಲ್ಲ. ಹೊಸ ಪೀಳಿಗೆಯ ಕಂಬದಲ್ಲಿ 1000 ವೋಲ್ಟ್‌ವರೆಗೆ ಕೊಡುವ ವ್ಯವಸ್ಥೆ ಬರುತ್ತಿದೆ, ಆದರೆ ಹಳೆಯವು ರಾತ್ರೋರಾತ್ರಿ ಮಾಯ ಆಗಲ್ಲ.

ಇನ್ನು ಕೇಬಲ್. ಟೆಸ್ಲಾ ಕಾರುಗಳ ಕಿಂಡಿ ಹಿಂದೆ ಎಡಗಡೆ. ಅದಕ್ಕೆ ಅಳತೆ ಮಾಡಿದಂತೆ ಗಿಡ್ಡ ಕೇಬಲ್ ಇಟ್ಟಿದ್ದಾರೆ. ಕೇಬಲ್ ಗಿಡ್ಡ ಇದ್ದಷ್ಟೂ ತಾಮ್ರ ಕಡಿಮೆ, ಎತ್ತೋಕೂ ಹಗುರ. ಮುಂದೆ ಬಲಗಡೆ ಕಿಂಡಿ ಇರುವ ಕಾರಿನವನು ಬಂದ ಅನ್ನಿ. ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ, ಕೊನೆಗೆ ಗೆರೆ ದಾಟಿ ಪಕ್ಕದ ಜಾಗಕ್ಕೆ ಅಡ್ಡಡ್ಡ ನಿಲ್ಲಿಸುತ್ತಾನೆ. ಎರಡು ಜಾಗಕ್ಕೆ ಒಂದೇ ಕಾರು. ಹಿಂದಿನಿಂದ ಬಂದ ಟೆಸ್ಲಾದವನು ಗುರಾಯಿಸುತ್ತಾನೆ. ಇದನ್ನು ಯಾವ ಒಪ್ಪಂದದಲ್ಲೂ ಬರೆದಿರಲ್ಲ.

ಗಾಲಿಗಣ್ಣ

ನಿಮ್ಮ ಚರ್ಚೆಯಲ್ಲಿ ಚೀನಾ ಇಲ್ಲವೇ ಇಲ್ಲ. ಅತಿ ದೊಡ್ಡ ಮಾರುಕಟ್ಟೆ ಸ್ವಾಮಿ ಅದು.

ಅಲ್ಲಿ ಪ್ಲಗ್ ಜಗಳ ಆಗಲೇ ಇಲ್ಲ. ರಾಷ್ಟ್ರೀಯ ಸ್ಟ್ಯಾಂಡರ್ಡ್ ಜಿಬಿ/ಟಿ, ಎಲ್ಲರಿಗೂ ಅದೇ, ಟೆಸ್ಲಾಗೂ ಅದೇ. 2024ರ ಕೊನೆಗೆ ಸಾರ್ವಜನಿಕ ಚಾರ್ಜರ್‌ಗಳೇ 35 ಲಕ್ಷ ದಾಟಿದ್ದವು. ಹಾಗಾಗಿ "ನನ್ನ ಹತ್ತಿರ ಚಾರ್ಜರ್ ಇದೆ" ಅಂದರೆ ಯಾರೂ ತಿರುಗಿ ನೋಡಲ್ಲ. ಆಗ ಪೈಪೋಟಿ ಎಲ್ಲಿಗೆ ಹೋಯಿತು? ಸಮಯಕ್ಕೆ.

ಅಲ್ಲಿನ ಕಾರು ಕಂಪನಿ ನಿಯೊ ಬ್ಯಾಟರಿ ಬದಲಿಸುವ ದಾರಿ ಹಿಡಿಯಿತು. ಕಾರು ಒಂದು ಗೂಡಿನೊಳಗೆ ಹೋಗುತ್ತದೆ, ಕೆಳಗಿನಿಂದ ಯಂತ್ರದ ಕೈ ಬಂದು ಬೋಲ್ಟ್ ಬಿಚ್ಚಿ, ಖಾಲಿ ಬ್ಯಾಟರಿ ಇಳಿಸಿ ತುಂಬಿದ್ದನ್ನು ಏರಿಸುತ್ತದೆ. ಕೆಲವೇ ನಿಮಿಷ, ನೀವು ಕಾರಿನಿಂದ ಇಳಿಯೋದೂ ಬೇಡ. ಇನ್ನೊಂದು ಚೀನೀ ಕಾರು ಕಂಪನಿ ಬಿವೈಡಿ ಬೇರೆ ದಾರಿ ಹಿಡಿಯಿತು. 2025ರ ಮಾರ್ಚ್‌ನಲ್ಲಿ 1000 ಕಿಲೋವಾಟ್ ಚಾರ್ಜಿಂಗ್ ತೋರಿಸಿ, ಅಂಥ 4,000ಕ್ಕೂ ಹೆಚ್ಚು ನಿಲ್ದಾಣ ಹಾಕುತ್ತೇವೆ ಅಂತು. ಆ ವೇಗ ಕಾರಿನಲ್ಲೂ ಇರಬೇಕು, ಕಂಬದಲ್ಲೂ ಇರಬೇಕು. ಅಂದರೆ ಪ್ಲಗ್ ಎಲ್ಲರದ್ದಾದ ಮೇಲೂ ಕಾರು ಮಾಡುವವನೇ ಮತ್ತೆ ಕಂಬ ನೆಡೋಕೆ ಹೊರಟ! ಸುತ್ತಿ ಬಳಸಿ ಅಲ್ಲಿಗೇ ಬಂದೆವು.

ಅನುಮಾನಪ್ಪ

ಬ್ಯಾಟರಿ ಬದಲಿಸುವುದು ಅಂದ ಕೂಡಲೇ ನನಗೆ ಬೆಟರ್ ಪ್ಲೇಸ್ ಅನ್ನುವ ಕಂಪನಿ ನೆನಪಾಗುತ್ತದೆ. 2007ರಲ್ಲಿ ಶುರುವಾಗಿ, ಇಸ್ರೇಲ್, ಡೆನ್ಮಾರ್ಕ್‌ಗಳಲ್ಲಿ ಬದಲಿ ನಿಲ್ದಾಣ ಕಟ್ಟಿ, ರಾಶಿ ರಾಶಿ ಬಂಡವಾಳ ಸುರಿದು 2013ರ ಮೇನಲ್ಲಿ ದಿವಾಳಿ. ಜಾಲ ಇತ್ತು, ಆದರೆ ಅದಕ್ಕೆ ಹೊಂದುವ ಕಾರು ಒಂದೇ, ರೆನೋ ಫ್ಲೂಯೆನ್ಸ್. ಬೇರೆ ಯಾವ ದೊಡ್ಡ ಕಂಪನಿಯೂ ತನ್ನ ಬ್ಯಾಟರಿಯ ಆಕಾರವನ್ನು ಇನ್ನೊಬ್ಬರ ಗೂಡಿಗೆ ತಕ್ಕಂತೆ ಮಾಡೋಕೆ ಒಪ್ಪಲಿಲ್ಲ. ಅದಕ್ಕೇ ನಾನು ಮೊದಲಿಂದ ಹೇಳ್ತಿರೋದು, ಬರೀ ಜಾಲ ಕಾರು ಮಾರಲ್ಲ.

ಲೆಕ್ಕಿಗ

ಒಪ್ಪಿದೆ. ಆದರೆ ಅವರು ಕಾರು ಮಾಡುವವರಲ್ಲ, ಅದೇ ವ್ಯತ್ಯಾಸ. ಜಾಲದಲ್ಲಿ ಕಳೆದುಕೊಂಡದ್ದನ್ನು ತುಂಬಿಕೊಳ್ಳೋಕೆ ಅವರಿಗೆ ಇನ್ನೊಂದು ಜೇಬು ಇರಲಿಲ್ಲ.

ಹಳೇ ಫ್ಯೂಸ್

ತಿರುಗಾಡಿಯವರೇ, ಎಲ್ಲಿ ಕಾಣೆಯಾದಿರಿ? ಒಂದು ಕೆಲಸ ಮಾಡಿ. ಶೋರೂಮಿನವರು ಟೆಸ್ಟ್ ಡ್ರೈವ್ ಕೊಡುತ್ತಾರಲ್ಲ, ಕಾರನ್ನು ಬ್ಯಾಟರಿ ಕಡಿಮೆ ಇರುವಾಗ ಕೇಳಿ. ನೇರವಾಗಿ ಹೆದ್ದಾರಿ ಚಾರ್ಜರ್‌ಗೆ ಹೋಗಿ. ಕಾರಿನ ನಕ್ಷೆಯಲ್ಲಿ ಆ ಚಾರ್ಜರನ್ನೇ ಗುರಿಯಾಗಿ ಹಾಕಿ ಹೊರಡಿ, ಆಗ ಕೆಲವು ಕಾರುಗಳು ದಾರಿಯಲ್ಲೇ ಬ್ಯಾಟರಿಯನ್ನು ಹದ ಬಿಸಿ ಮಾಡಿಕೊಳ್ಳುತ್ತವೆ. ಕೆಲವು ಮಾಡಿಕೊಳ್ಳಲ್ಲ. ಎರಡನೇ "ಟಕ್" ಕೇಳಿಸುತ್ತಾ ನೋಡಿ.

ತಿರುಗಾಡಿ

ಮಾಡಿದೆ! ಎರಡೂ ಕಾರನ್ನು ಒಂದೇ ದಿನ.

ಅಷ್ಟಕ್ಕಷ್ಟೆ ಅಂದಿದ್ದೆನಲ್ಲ, ಆ ಕಾರು ಅವರದೇ ಕಂಬಕ್ಕೆ ಹೋಯಿತು. ಸಿಕ್ಕಿಸಿದೆ, ಟಕ್, ಟಕ್, ಶುರು. ಫೋನ್ ಜೇಬಿನಿಂದ ತೆಗೆಯಲೇ ಇಲ್ಲ. ಜೊತೆಗೆ ಬಂದಿದ್ದ ಸೇಲ್ಸ್ ಹುಡುಗ "ಅಷ್ಟೇ ಸರ್" ಅಂದ.

ಚೆಂದದ ಕಾರನ್ನು ಸಾರ್ವಜನಿಕ ಜಾಗಕ್ಕೆ ಒಯ್ದೆ. ಆ ಹುಡುಗ ಶೋರೂಮಿಗೆ ಬಂದು ಎಂಟು ತಿಂಗಳಾಗಿದೆಯಂತೆ, ಇದುವರೆಗೆ ಒಂದು ಸಲವೂ ಹೊರಗೆ ಚಾರ್ಜ್ ಮಾಡಿಲ್ಲವಂತೆ. ಮೊದಲನೇ ಯಂತ್ರದಲ್ಲಿ ಒಂದೇ ಟಕ್. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಎರಡನೆಯದರಲ್ಲಿ ಎರಡೂ ಟಕ್ ಬಂತು, ಚೆನ್ನಾಗಿಯೇ ತುಂಬಿತು, ಅಲ್ಲಿನ ವೇಗ ಆ ಇನ್ನೊಂದು ಕಾರಿಗಿಂತಲೂ ಜಾಸ್ತಿ. ಆದರೆ ಅಷ್ಟರೊಳಗೆ ಆ ಹುಡುಗ ಮೂರು ಆ್ಯಪ್ ಇಳಿಸಿಕೊಂಡು, ಒಂದರ ಪಾಸ್‌ವರ್ಡ್ ಮರೆತು, ತನ್ನ ಮ್ಯಾನೇಜರ್‌ಗೆ ಫೋನ್ ಮಾಡಿದ್ದ. ಮ್ಯಾನೇಜರ್‌ಗೂ ಗೊತ್ತಿರಲಿಲ್ಲ.

ಇನ್ನೂ ಹಣ ಕಟ್ಟಿಲ್ಲ. ಹೆಂಡತಿಗೆ ಆ ಸೀಟು ಬಹಳ ಇಷ್ಟವಾಗಿದೆ. ನನ್ನ ಕಿವಿಯಲ್ಲಿ ಮಾತ್ರ ಆ ಎರಡನೇ ಟಕ್ ಕೂತುಬಿಟ್ಟಿದೆ. ಮುಂದಿನ ಭಾನುವಾರ ಅವಳನ್ನೂ ಕರೆದುಕೊಂಡು ರಾತ್ರಿ ಹನ್ನೊಂದಕ್ಕೆ ಇನ್ನೊಮ್ಮೆ ಹೋಗೋಣ ಅಂತಿದ್ದೇನೆ. ಮಿಂಚುಹುಳ ಮೇಡಂ, ಮಗು ಹಿಂದಿನ ಸೀಟಲ್ಲೇ ಮಲಗಿರುತ್ತೆ.